ಒಂಟಿಕಣ್ಣಿನ ವೈಮಾನಿಕ ವೈಲಿ ಪೋಸ್ಟ್

ಮನೆತನದ ಬಲದಿಂದಲೋ ವಿದ್ಯೆಯ ಬಲದಿಂದಲೋ ದೊಡ್ಡವರಾದವರ ಚರಿತ್ರೆಗಳನ್ನು ನಾವು ಬೇಕಾದಷ್ಟು ಓದಿದ್ದೇವೆ. ಈ ಎರಡೂ ಇಲ್ಲದೆ, ಒಂದು ಕಣ್ಣನ್ನೂ ಕಳೆದುಕೊಂಡು, ಒಬ್ಬನೇ ವಿಮಾನದಲ್ಲಿ ಭೂಮಂಡಲವನ್ನು ಸುತ್ತಿಬಂದವನು ವೈಲಿ ಪೋಸ್ಟ್. ಬೇಸಾಯದ ಮನೆಯಿಂದ ಮೊದಲಿಗನಾಗಿ ಕಾಲೇಜಿನ ಮೆಟ್ಟಿಲು ಹತ್ತಿದ ನನಗೆ ಅವನ ಜೀವನ ಬಹಳ ಹತ್ತಿರದ್ದಾಗಿ ಕಂಡಿತು.

ಪೋಸ್ಟನು 1898ರ ನವೆಂಬರ್ 22ರಂದು ಅಮೆರಿಕದ ಟೆಕ್ಸಾಸ್ ಸಂಸ್ಥಾನದಲ್ಲಿ ರೈತನ ಮಗನಾಗಿ ಹುಟ್ಟಿದನು. ಶಾಲೆಯ ಪಾಠ ಅವನಿಗೆ ಹಿಡಿಸಲಿಲ್ಲ; ಯಂತ್ರಗಳೆಂದರೆ ಪ್ರಾಣ. 1913ರಲ್ಲಿ ಒಕ್ಲಹೋಮದ ಲಾಟನ್ ಊರಿನ ಜಾತ್ರೆಯಲ್ಲಿ ಮೊದಲ ಸಲ ವಿಮಾನವನ್ನು ಕಂಡು ಬೆರಗಾದನು. ಆದರೆ ಅವನು ನಡೆದ ದಾರಿ ನೇರವಾಗಿರಲಿಲ್ಲ. 1921ರಲ್ಲಿ ದರೋಡೆಯ ಅಪರಾಧಕ್ಕಾಗಿ ಸೆರೆಮನೆ ಸೇರಿ, ವರ್ಷ ಕಳೆದ ಮೇಲೆ ಹೊರಬಂದನು. 1926ರಲ್ಲಿ ಎಣ್ಣೆಬಾವಿಯ ಕೆಲಸ ಮಾಡುವಾಗ ಲೋಹದ ಚೂರು ಸಿಡಿದು ಎಡಗಣ್ಣು ಹೋಯಿತು. ಪರಿಹಾರವಾಗಿ ಬಂದ ಹಣದಿಂದ ಅವನು ಕೊಂಡದ್ದು ಒಂದು ವಿಮಾನ! ಉಳಿದ ಒಂದೇ ಕಣ್ಣಿನಿಂದ ದೂರವನ್ನು ಅಳೆಯಲು ತಾನೇ ಅಭ್ಯಾಸ ಮಾಡಿಕೊಂಡನು.

1931ರಲ್ಲಿ 'ವಿನಿ ಮೇ' ಎಂಬ ಒಂದೇ ಎಂಜಿನ್ನಿನ ಸಣ್ಣ ವಿಮಾನದಲ್ಲಿ ಪೋಸ್ಟನೂ ಹೆರಾಲ್ಡ್ ಗ್ಯಾಟಿಯೂ 8 ದಿನ 15 ಗಂಟೆ 51 ನಿಮಿಷಗಳಲ್ಲಿ ಭೂಮಿಯನ್ನು ಸುತ್ತಿಬಂದರು. ನಕ್ಷೆ ನೋಡಿ ದಿಕ್ಕು ಗೊತ್ತುಮಾಡುತ್ತಿದ್ದವನು ಗ್ಯಾಟಿ. ಬುದ್ಧಿಯೆಲ್ಲ ಅವನದು, ಓದು ಬಾರದ ಪೋಸ್ಟ್ ಬರಿಯ ಚಾಲಕನೆಂದು ಕೆಲವರು ಆಡಿಕೊಂಡರು. ಈ ಮಾತಿಗೆ ಉತ್ತರವಾಗಿ ಒಬ್ಬನೇ ಹೋಗಿಬರಲು ಪೋಸ್ಟನು ನಿಶ್ಚಯಿಸಿದನು.

ಒಬ್ಬನೇ ಹೋದರೆ, ನಕ್ಷೆ ನೋಡುವಾಗ ವಿಮಾನವನ್ನು ಹಿಡಿಯುವವರು ಯಾರು? ಅದಕ್ಕಾಗಿ ಸ್ಪೆರಿ ಕಂಪನಿಯ ಸ್ವಯಂಚಾಲಕ ಯಂತ್ರವನ್ನು ಕೂಡಿಸಿಕೊಂಡನು. ಅದರ ತತ್ತ್ವ ನಾವು ಹುಡುಗರಾಗಿದ್ದಾಗ ಆಡಿದ ಬುಗುರಿಯದೇ. ವೇಗವಾಗಿ ತಿರುಗುವ ಬುಗುರಿ ತನ್ನ ಅಚ್ಚನ್ನು ಬಾಗಿಸಗೊಡುವುದಿಲ್ಲವಷ್ಟೆ. ವಿಮಾನ ಓಲಿದರೂ ಒಳಗಿನ ಚಕ್ರ ಓಲುವುದಿಲ್ಲ. ಇವೆರಡರ ನಡುವಣ ವ್ಯತ್ಯಾಸವನ್ನು ಗುರುತಿಸಿ ಯಂತ್ರವು ಎಣ್ಣೆಯ ಒತ್ತಡದಿಂದ ವಿಮಾನವನ್ನು ಮತ್ತೆ ಸರಿಮಾಡುತ್ತದೆ. ಆದರೆ ಅದಕ್ಕೆ ಕಣ್ಣಿಲ್ಲ. ಎದುರಿಗೆ ಬೆಟ್ಟವಿದ್ದರೂ ಹಿಡಿದ ದಿಕ್ಕಿಗೇ ಹೋಗುತ್ತದೆ. ಗಾಳಿ ವಿಮಾನವನ್ನು ಪಕ್ಕಕ್ಕೆ ತಳ್ಳಿದರೆ ಅರಿಯದು. ಚಕ್ರವೂ ನಿಧಾನವಾಗಿ ದಿಕ್ಕು ತಪ್ಪುವುದರಿಂದ ಆಗಾಗ ದಿಕ್ಸೂಚಿಯನ್ನು ನೋಡಿ ತಿದ್ದಬೇಕು.

1933ರ ಜುಲೈ 15ರಂದು ಪೋಸ್ಟನು ನ್ಯೂಯಾರ್ಕಿನಿಂದ ಹೊರಟು, ಎಲ್ಲಿಯೂ ಇಳಿಯದೆ ಬರ್ಲಿನ್ ಮುಟ್ಟಿದನು. ಮುಂದೆ ಮಾಸ್ಕೋ, ನೋವೊಸಿಬಿರ್ಸ್ಕ್, ಇರ್ಕುಟ್ಸ್ಕ್. ನೆರವಿಗೆಂದು ತಂದ ಯಂತ್ರವೇ ಕೆಟ್ಟು, ದಾರಿಯಲ್ಲಿ ಇಳಿದು ಅದನ್ನು ದುರಸ್ತಿ ಮಾಡಿಸಬೇಕಾಯಿತು. ಅದು ಸರಿಯಿದ್ದಾಗಲೂ ಅವನು ನಿಶ್ಚಿಂತೆಯಿಂದ ನಿದ್ರಿಸುವಂತಿರಲಿಲ್ಲ. ಕೈಬೆರಳಿಗೆ ದಾರದಿಂದ ಒಂದು ಸ್ಪ್ಯಾನರನ್ನು ಕಟ್ಟಿಕೊಂಡು ಅದನ್ನು ಕೈಯಲ್ಲಿ ಹಿಡಿದಿರುತ್ತಿದ್ದನು. ಜೊಂಪು ಹತ್ತಿ ಹಿಡಿತ ಸಡಿಲವಾದರೆ ಅದು ಜಾರಿಬಿದ್ದು ಬೆರಳನ್ನು ಜಗ್ಗಿ ಎಚ್ಚರಿಸುತ್ತಿತ್ತು. ಅಲಾಸ್ಕಾದಲ್ಲಿ ದಾರಿ ತಪ್ಪಿ ಗಂಟೆಗಟ್ಟಲೆ ಅಲೆದು, ಫ್ಲಾಟ್ ಎಂಬ ಸಣ್ಣ ಊರಿನಲ್ಲಿ ಇಳಿಯುವಾಗ ವಿಮಾನ ಮುಗ್ಗರಿಸಿ ಪ್ರೊಪೆಲ್ಲರ್ ಬಾಗಿತು. ಅದನ್ನು ಸರಿಪಡಿಸಿಕೊಂಡು ಜುಲೈ 22ರಂದು ನ್ಯೂಯಾರ್ಕ್ ಸೇರಿದನು. ಒಟ್ಟು 7 ದಿನ 18 ಗಂಟೆ 49 ನಿಮಿಷ. ಹಿಂದಿನದಕ್ಕಿಂತ 21 ಗಂಟೆ ಕಡಮೆ. ಒಂಟಿಯಾಗಿ ಭೂಮಿಯನ್ನು ಸುತ್ತಿ ಹಾರಿದವರಲ್ಲಿ ಅವನೇ ಮೊದಲಿಗನು.

1935ರ ಆಗಸ್ಟ್ 15ರಂದು ಪೋಸ್ಟನೂ ಹಾಸ್ಯಗಾರ ವಿಲ್ ರೋಜರ್ಸನೂ ಅಲಾಸ್ಕಾದ ಪಾಯಿಂಟ್ ಬ್ಯಾರೋ ಬಳಿ ನೀರಿನಿಂದ ಮೇಲೇಳುತ್ತಿದ್ದಾಗ ಎಂಜಿನ್ ನಿಂತು, ಮೂತಿಯ ಭಾರ ಹೆಚ್ಚಾಗಿದ್ದ ವಿಮಾನ ತಲೆಕೆಳಗಾಗಿ ಬಿದ್ದು ಇಬ್ಬರೂ ತೀರಿಕೊಂಡರು. ಪೋಸ್ಟನಿಗೆ ಆಗ 36 ವರ್ಷ.

ಇಂದಿನ ಸಣ್ಣ ವಿಮಾನಗಳ ಸ್ವಯಂಚಾಲಕಗಳು ಉಪಗ್ರಹಗಳ ನೆರವಿನಿಂದ ಹಾದಿ ಹಿಡಿಯುತ್ತವೆ. ಚಾಲಕನು ಎಚ್ಚರ ತಪ್ಪಿದರೆ ವಿಮಾನವನ್ನು ತಾನೇ ಇಳಿಸುವ ವ್ಯವಸ್ಥೆಗೂ ಅಮೆರಿಕದಲ್ಲಿ 2020ರಲ್ಲಿ ಒಪ್ಪಿಗೆ ದೊರೆಯಿತು. ಆದರೂ ನಿಂತ ಎಂಜಿನ್ನನ್ನು ಅವು ನಡೆಸಲಾರವು, ತಪ್ಪಾಗಿ ಹೇರಿದ ಭಾರವನ್ನು ಸರಿಪಡಿಸಲಾರವು, ಹೊರಡಬೇಕೆ ಬೇಡವೆ ಎಂದು ನಮಗಾಗಿ ನಿಶ್ಚಯಿಸಲಾರವು. ಸಲಕರಣೆ ಎಷ್ಟೇ ಒಳ್ಳೆಯದಾದರೂ ಬೆರಳಿಗೆ ಕಟ್ಟಿದ ಆ ದಾರವನ್ನು ಬಿಚ್ಚಬಾರದೆಂಬುದೇ ಪೋಸ್ಟನ ಜೀವನದಿಂದ ವಿದ್ಯಾರ್ಥಿಗಳಾದ ನಾವು ಕಲಿಯಬೇಕಾದ ಪಾಠವೆಂದು ನಾನು ಭಾವಿಸುತ್ತೇನೆ.