ವಿಲ್ಹೆಲ್ಮ್ ಮೈಬಾಕ್: ಎಂಜಿನ್ನಿನ ಕಾವು ಇಳಿಸಿದವರು

ವಿಲ್ಹೆಲ್ಮ್ ಮೈಬಾಕ್ 1846ರ ಫೆಬ್ರುವರಿ 9ರಂದು ಜರ್ಮನಿಯ ಹೈಲ್‌ಬ್ರಾನ್‌ನಲ್ಲಿ ಬಡಗಿಯೊಬ್ಬರ ಮಗನಾಗಿ ಜನಿಸಿದರು. ಹತ್ತನೆಯ ವಯಸ್ಸಿಗೆ ತಾಯಿ, ತಂದೆ ಇಬ್ಬರನ್ನೂ ಕಳೆದುಕೊಂಡರು. ರಾಯ್ಟ್‌ಲಿಂಗೆನ್‌ನಲ್ಲಿ ಗುಸ್ತಾವ್ ವರ್ನರ್ ಎಂಬ ಪಾದ್ರಿ ನಡೆಸುತ್ತಿದ್ದ ಆಶ್ರಮ ಈ ಹುಡುಗನನ್ನು ಸೇರಿಸಿಕೊಂಡಿತು. ಹುಡುಗನ ಕೈಯಲ್ಲಿ ಚಿತ್ರಕಲೆ ಇದೆ ಎಂದು ವರ್ನರ್ ಗುರುತಿಸಿದರು. ಆಶ್ರಮದ ಕಾರ್ಖಾನೆಯಲ್ಲಿ ಯಂತ್ರಗಳ ನಕ್ಷೆ ಬರೆಯುವ ಕೆಲಸ ಕಲಿಯುತ್ತ, ಸಂಜೆ ಆತ ಭೌತಶಾಸ್ತ್ರದ ತರಗತಿಗೆ ಹೋಗತೊಡಗಿದ. ಮುಂದಿನದ್ದೆಲ್ಲ ಆ ಒಂದು ಗುರುತಿಸುವಿಕೆಯಿಂದ ಹುಟ್ಟಿತೆಂದು ನನಗೆ ಅನಿಸುತ್ತದೆ.

ಅದೇ ಕಾರ್ಖಾನೆಯಲ್ಲಿ ಗಾಟ್‌ಲೀಬ್ ಡೈಮ್ಲರ್ ಅವರ ಪರಿಚಯವಾಯಿತು. 1882ರಲ್ಲಿ ಇಬ್ಬರೂ ಕಾನ್‌ಸ್ಟಾಟ್‌ಗೆ ಬಂದು, ಡೈಮ್ಲರ್ ಮನೆಯ ತೋಟದ ಗಾಜಿನ ಮನೆಯಲ್ಲಿ ಗುಟ್ಟಾಗಿ ಕೆಲಸ ಹೂಡಿದರು. ಖೋಟಾ ನಾಣ್ಯ ಮಾಡುತ್ತಾರೆಂಬ ಸಂಶಯದಿಂದ ಪೊಲೀಸರು ಶೋಧಿಸಿದಾಗ ಸಿಕ್ಕಿದ್ದು ಎಂಜಿನ್ ಮಾತ್ರ!

ಆ ಎಂಜಿನ್ನಿಗೆ ವೇಗವಿತ್ತು. ಆದರೆ ವೇಗ ಹೆಚ್ಚಿದಷ್ಟೂ ಕಾವು ಹೆಚ್ಚು. ಸುಟ್ಟ ಇಂಧನದ ಶಕ್ತಿಯಲ್ಲಿ ಸ್ವಲ್ಪ ಭಾಗ ಮಾತ್ರ ಗಾಲಿ ತಿರುಗಿಸುತ್ತದೆ, ಉಳಿದದ್ದು ಉಷ್ಣವಾಗಿ ಹೊರಹೋಗಲೇಬೇಕು. 1889ರ ಕಾರಿನಲ್ಲಿ ಅವರು ಚೌಕಟ್ಟಿನ ಕೊಳವೆಗಳೊಳಗೇ ನೀರು ಹರಿಸಿ ತಣಿಸಿದರು. ಎಂಜಿನ್ ದೊಡ್ಡದಾದಾಗ ಅದು ಸಾಲಲಿಲ್ಲ.

1900ರಲ್ಲಿ ಜೇನುಗೂಡಿನಂಥ ರೇಡಿಯೇಟರ್ ಬಂತು. 6 ಮಿಲಿಮೀಟರ್ ಅಗಲದ 8,070 ಚೌಕ ಕೊಳವೆಗಳು. ಕೊಳವೆಯೊಳಗೆ ಗಾಳಿ, ಸುತ್ತಲಿನ ಸಂದಿಯಲ್ಲಿ ನೀರು, ಹಿಂದೆ ಫ್ಯಾನ್. ಮೊದಲು 18 ಲೀಟರ್ ನೀರು ಬೇಕಿದ್ದಲ್ಲಿ 9 ಲೀಟರ್ ಸಾಕಾಯಿತು. ಎಮಿಲ್ ಯೆಲಿನೆಕ್ ಬೇಡಿಕೆಯಂತೆ ತಯಾರಾದ ಆ 35 ಅಶ್ವಶಕ್ತಿಯ ಮರ್ಸಿಡಿಸ್ 1901ರ ಮಾರ್ಚ್‌ನಲ್ಲಿ ನೀಸ್‌ನ ಸ್ಪರ್ಧೆಗಳನ್ನು ಗೆದ್ದಿತು.

ಉಷ್ಣದ ಘಟಕದಲ್ಲಿ ಮೇಲ್ಮೈ ವಿಸ್ತೀರ್ಣ ಹೇಳಿಕೊಡಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಒಂದು ಲೀಟರ್ ಬಿಸಿನೀರನ್ನು ಒಂದೇ ಸ್ಟೀಲ್ ಡಬ್ಬಿಯಲ್ಲಿ, ಇನ್ನೊಂದು ಲೀಟರನ್ನು ಹತ್ತು ಸಣ್ಣ ಡಬ್ಬಿಗಳಲ್ಲಿ ಮುಚ್ಚಿಟ್ಟು ಐದೈದು ನಿಮಿಷಕ್ಕೆ ತಾಪ ಅಳೆಯಿಸಬಹುದು. ಅಂಕಲಿ ಕಡೆಯ ಮಕ್ಕಳಿಗೆ ಮುಂದಿನ ಮಾತು ತಾನಾಗಿ ತಿಳಿಯುತ್ತದೆ: ಹಂಗಾಮಿನಲ್ಲಿ ಕಬ್ಬು ಎಳೆಯುವ ಟ್ರ್ಯಾಕ್ಟರಿನ ರೇಡಿಯೇಟರಿಗೆ ಧೂಳು, ರವದಿ ಮೆತ್ತಿದರೆ ಗಾಳಿ ನುಗ್ಗುವುದಿಲ್ಲ, ಮುಳ್ಳು ಕೆಂಪಿಗೆ ಏರುತ್ತದೆ. ಕಾರಿನಲ್ಲಿ ಏಸಿಯ ಕಂಡೆನ್ಸರ್ ಸಾಮಾನ್ಯವಾಗಿ ರೇಡಿಯೇಟರಿನ ಮುಂದೆಯೇ ಇರುತ್ತದೆ. ಒಳಗಿನ ಸೆಕೆಯನ್ನು ಅದು ಹೊರಗಿನ ಗಾಳಿಗೆ ಬಿಡುತ್ತದೆ, ಆ ಬಿಸಿ ಗಾಳಿಯೇ ರೇಡಿಯೇಟರಿಗೆ ಹೋಗುತ್ತದೆ. ಫ್ಯಾನ್ ಕೆಟ್ಟ ಕಾರು ನಿಂತಲ್ಲಿ ಏಸಿ ತಂಪು ಕಳೆದುಕೊಳ್ಳುವುದೂ ಎಂಜಿನ್ ಕಾಯುವುದೂ ಒಟ್ಟಿಗೇ ಆಗುವುದು ಇದಕ್ಕೇ. ಕಾದ ರೇಡಿಯೇಟರಿನ ಮುಚ್ಚಳ ತೆರೆಯಬಾರದೆಂದೂ ಇಲ್ಲೇ ಹೇಳಬೇಕು. ಒಳಗೆ ಒತ್ತಡದಲ್ಲಿರುವ ನೀರು 100 ಡಿಗ್ರಿ ಸೆಲ್ಸಿಯಸ್ ದಾಟಿರುತ್ತದೆ, ತೆರೆದೊಡನೆ ಮುಖಕ್ಕೆ ಚಿಮ್ಮುತ್ತದೆ.

ಡೈಮ್ಲರ್ 1900ರ ಮಾರ್ಚ್‌ನಲ್ಲೇ ತೀರಿಕೊಂಡಿದ್ದರು. ತಾವು ಬೆಳೆಸಿದ ಕಂಪನಿಯಲ್ಲಿ ಮೈಬಾಕ್ ಮೂಲೆಗುಂಪಾಗಿ 1907ರಲ್ಲಿ ಹೊರಬಂದರು. ಆಗ ವಯಸ್ಸು 61. ಸುಮ್ಮನೆ ಕೂಡಲಿಲ್ಲ. ಮಗ ಕಾರ್ಲ್ ಜೊತೆ ಜೆಪ್ಪೆಲಿನ್ ವಾಯುನೌಕೆಗಳ ಎಂಜಿನ್ ಕೆಲಸಕ್ಕೆ ಇಳಿದರು. 1916ರಲ್ಲಿ, ಕಾಲೇಜು ಮೆಟ್ಟಿಲು ಹತ್ತದ ಅವರಿಗೆ ಸ್ಟುಟ್‌ಗಾರ್ಟ್‌ನ ತಾಂತ್ರಿಕ ಶಿಕ್ಷಣ ಸಂಸ್ಥೆ ಗೌರವ ಡಾಕ್ಟರೇಟ್ ನೀಡಿತು. 1929ರ ಡಿಸೆಂಬರ್ 29ರಂದು ನಿಧನರಾದರು. ಸಮಾಧಿ ಕಾನ್‌ಸ್ಟಾಟ್‌ನಲ್ಲಿ, ಡೈಮ್ಲರ್ ಅವರನ್ನು ಹೂಳಿದ ಸ್ಮಶಾನದಲ್ಲೇ ಇದೆ.