ಆಟದ ಅಧ್ಯಾಪಕ ಸ್ಟ್ಯಾಗ್

ಆಟ ಕಲಿಸುವವನನ್ನು ಅಧ್ಯಾಪಕನೆಂದು ಕರೆಯಬಹುದೇ ಎಂಬ ಪ್ರಶ್ನೆ ವಿದ್ಯಾಸಂಸ್ಥೆಗಳಲ್ಲಿ ಹಳೆಯದು. ಈ ಪ್ರಶ್ನೆ ಎದ್ದಾಗಲೆಲ್ಲ ನನಗೆ ನೆನಪಾಗುವವನು ಅಮೆರಿಕದ ಏಮಸ್ ಅಲಾಂಜೊ ಸ್ಟ್ಯಾಗ್.

ಈತನು 1862ರ ಆಗಸ್ಟ್ 16ರಂದು ನ್ಯೂಜೆರ್ಸಿಯ ವೆಸ್ಟ್ ಆರೆಂಜ್ ಎಂಬ ಊರಿನಲ್ಲಿ, ಪಾದರಕ್ಷೆ ಹೊಲಿದು ಜೀವಿಸುತ್ತಿದ್ದ ಬಡವನ ಮಗನಾಗಿ ಹುಟ್ಟಿದನು. ಪಾದ್ರಿಯಾಗಬೇಕೆಂಬ ಹಂಬಲದಿಂದ ಯೇಲ್ ವಿಶ್ವವಿದ್ಯಾಲಯವನ್ನು ಸೇರಿ, ಅಲ್ಲಿ ಬೇಸ್‌ಬಾಲ್ ಚೆಂಡೆಸೆತದಲ್ಲಿ ಹೆಸರು ಗಳಿಸಿದನು. ವೃತ್ತಿಪರ ತಂಡಗಳು ಹಣದ ಆಸೆ ತೋರಿದರೂ ಒಪ್ಪಲಿಲ್ಲ. 1889ರಲ್ಲಿ ಆರಿಸಲಾದ ಮೊದಲ ಅಖಿಲ ಅಮೆರಿಕ ಫುಟ್‌ಬಾಲ್ ತಂಡದಲ್ಲಿ ಆತನ ಹೆಸರಿತ್ತು. ಆ ದೇಶದ ಫುಟ್‌ಬಾಲು ನಮ್ಮ ಕಾಲ್ಚೆಂಡಲ್ಲ. ಚೆಂಡನ್ನು ತೋಳಿನಲ್ಲಿ ಅವುಚಿಕೊಂಡು ಎದುರಾಳಿಗಳ ನಡುವೆ ನುಗ್ಗುವ ಆಟ.

ಧರ್ಮೋಪದೇಶಕ್ಕೆ ಬೇಕಾದ ವಾಗ್ಮಿತೆ ತನಗೆ ಒಲಿಯದೆಂದು ಮನಗಂಡು, ಆತನು ಸ್ಪ್ರಿಂಗ್‌ಫೀಲ್ಡಿನ ವೈ.ಎಂ.ಸಿ.ಎ. ತರಬೇತಿ ಶಾಲೆಗೆ ಹೋದನು. ಬ್ಯಾಸ್ಕೆಟ್‌ಬಾಲನ್ನು ಸೃಷ್ಟಿಸಿದ ಜೇಮ್ಸ್ ನೈಸ್ಮಿತ್ ಅಲ್ಲಿ ಆತನ ಸಹೋದ್ಯೋಗಿ. 1892ರ ಮಾರ್ಚ್ 11ರಂದು ಆ ಆಟದ ಮೊದಲ ಸಾರ್ವಜನಿಕ ಪಂದ್ಯದಲ್ಲಿ ಶಿಷ್ಯರು ಗುರುಗಳನ್ನು 5-1ರಿಂದ ಸೋಲಿಸಿದರು. ಗುರುಗಳ ಪಕ್ಷದ ಆ ಒಂದೇ ಅಂಕ ಸ್ಟ್ಯಾಗನದು.

ಅದೇ ವರ್ಷ ಷಿಕಾಗೊ ವಿಶ್ವವಿದ್ಯಾಲಯ ಬಾಗಿಲು ತೆರೆಯಿತು. ಅದರ ಅಧ್ಯಕ್ಷ ವಿಲಿಯಂ ರೇನಿ ಹಾರ್ಪರ್ ಯೇಲಿನಲ್ಲಿ ಸ್ಟ್ಯಾಗನಿಗೆ ಪಾಠ ಹೇಳಿದ್ದವನು. ತನ್ನ ಹಳೆಯ ಶಿಷ್ಯನನ್ನು ಕರೆಸಿಕೊಂಡು ವ್ಯಾಯಾಮ ವಿಭಾಗಕ್ಕೆ ಮುಖ್ಯಸ್ಥನನ್ನಾಗಿ ಮಾಡಿ, ಪ್ರಾಧ್ಯಾಪಕವರ್ಗದಲ್ಲಿ ಶಾಶ್ವತ ಸ್ಥಾನವನ್ನೂ ಕೊಟ್ಟನು. ಅಂದಿಗೆ ಅದು ಅಪೂರ್ವವಾದ ಗೌರವ. ಮೊದಲ ವರ್ಷ ಆಟಗಾರರು ಸಾಲದೆ ಸ್ಟ್ಯಾಗನೇ ಶಿಷ್ಯರೊಡನೆ ಕಣಕ್ಕಿಳಿದನು. ಫುಟ್‌ಬಾಲ್, ಬೇಸ್‌ಬಾಲ್, ಓಟ-ಜಿಗಿತಗಳು, ಒಂದು ವರ್ಷ ಬ್ಯಾಸ್ಕೆಟ್‌ಬಾಲ್, ಇವೆಲ್ಲವನ್ನೂ ಕಲಿಸಿದನು. 56 ಪಂದ್ಯಗಳಲ್ಲಿ ಸೋಲನ್ನೇ ಕಾಣದೆ ಬಂದಿದ್ದ ಮಿಷಿಗನ್ ತಂಡವನ್ನು ಆತನ ಹುಡುಗರು 1905ರಲ್ಲಿ 2-0ರಿಂದ ಮಣಿಸಿದರು.

ಆದರೆ ಹಾರ್ಪರನಿಗೆ ಆಟವು ಹೊಸ ವಿದ್ಯಾಪೀಠದ ಕೀರ್ತಿಯನ್ನು ಹರಡುವ ಸಾಧನವೂ ಆಗಿತ್ತು. ಹಣಕ್ಕಾಗಿ ಆಡಲೊಲ್ಲದವನ ಸುತ್ತ ಹಣ ತರುವ ಆಟವೊಂದು ಬೆಳೆಯಿತು. ಆತನ ಹೆಸರಿನ ಕ್ರೀಡಾಂಗಣಕ್ಕೆ ಜನಸಾಗರವೇ ಹರಿದುಬಂದಿತು. ಸ್ಟ್ಯಾಗನೂ ಆ ಬೆಳವಣಿಗೆಯಲ್ಲಿ ಪಾಲುಗಾರನೆಂಬುದನ್ನು ಮರೆಮಾಚುವುದು ನ್ಯಾಯವಲ್ಲವೆಂದು ನನ್ನ ಭಾವನೆ. 1924ರ ಬಳಿಕ ಅಗ್ರಪಟ್ಟ ಆತನ ತಂಡಕ್ಕೆ ದೊರೆಯಲಿಲ್ಲ. ಎಪ್ಪತ್ತು ತುಂಬಿದಾಗ ವಿಶ್ವವಿದ್ಯಾಲಯ ಆತನನ್ನು ನಿವೃತ್ತಿಗೊಳಿಸಿ, ಬೇರೊಂದು ಹುದ್ದೆಯನ್ನು ಮುಂದಿಟ್ಟಿತು. ಕಲಿಸುವ ಕೆಲಸವಿಲ್ಲದ ಆ ಗೌರವ ಆತನಿಗೆ ಬೇಡವಾಯಿತು.

ನಲವತ್ತೊಂದು ಋತುಗಳ ಸೇವೆಯನ್ನು ಹಿಂದಿಟ್ಟು, 1933ರಲ್ಲಿ ಕ್ಯಾಲಿಫೋರ್ನಿಯದ ಸ್ಟಾಕ್ಟನ್ನಿನ ಪೆಸಿಫಿಕ್ ಕಾಲೇಜೆಂಬ ಚಿಕ್ಕ ಸಂಸ್ಥೆಯಲ್ಲಿ ಮತ್ತೆ ಮೊದಲಿನಿಂದ ಆರಂಭಿಸಿದನು. 1943ರಲ್ಲಿ, ಎಂಬತ್ತೊಂದನೆಯ ವಯಸ್ಸಿನಲ್ಲಿ, ದೇಶದ ತರಬೇತುದಾರರು ಆತನನ್ನು ಆ ವರ್ಷದ ಶ್ರೇಷ್ಠ ತರಬೇತುದಾರನೆಂದು ಆರಿಸಿದರು. 1946ರವರೆಗೆ ಅಲ್ಲಿದ್ದು, ಅನಂತರ ಪೆನ್ಸಿಲ್ವೇನಿಯದ ಸಸ್ಕ್ವೆಹಾನಾ ಎಂಬಲ್ಲಿ ತನ್ನ ಮಗನಿಗೇ ಸಹಾಯಕನಾದನು. ತಂದೆ ಮಗನ ಕೈಕೆಳಗೆ ದುಡಿದ ಈ ಸಂಗತಿ ನನಗೆ ಆತನ ಎಲ್ಲ ಗೆಲವುಗಳಿಗಿಂತ ದೊಡ್ಡದಾಗಿ ಕಾಣುತ್ತದೆ. ತೊಂಬತ್ತು ದಾಟಿದ ಮೇಲೂ ಸ್ಟಾಕ್ಟನ್ನಿನ ಹುಡುಗರಿಗೆ ಚೆಂಡೊದೆಯುವುದನ್ನು ಹೇಳಿಕೊಟ್ಟನು. 1965ರ ಮಾರ್ಚ್ 17ರಂದು ತೀರಿಕೊಂಡಾಗ ಆತನಿಗೆ 102 ವರ್ಷ. ಫುಟ್‌ಬಾಲಿನಲ್ಲಿ ಆತನ ಲೆಕ್ಕಕ್ಕೆ ಸೇರಿದ 314 ಗೆಲವುಗಳನ್ನು 1981ರವರೆಗೆ ಯಾರೂ ಮೀರಲಿಲ್ಲ.

ಷಿಕಾಗೊ ವಿಶ್ವವಿದ್ಯಾಲಯವು 1939ರಲ್ಲಿ ಫುಟ್‌ಬಾಲನ್ನೇ ಕೈಬಿಟ್ಟಿತು. ಬರಿದಾದ ಸ್ಟ್ಯಾಗ್ ಕ್ರೀಡಾಂಗಣದ ಪಶ್ಚಿಮ ಮೆಟ್ಟಿಲುಗಳ ಕೆಳಗೆ 1942ರ ಡಿಸೆಂಬರ್ 2ರಂದು ಎನ್ರಿಕೊ ಫರ್ಮಿ ಮತ್ತು ಸಂಗಡಿಗರು ಮೊದಲ ಪರಮಾಣು ಸರಪಳಿ ಕ್ರಿಯೆಯನ್ನು ಸಾಧಿಸಿದರು. ಮುಂದೆ ಆ ಮೆಟ್ಟಿಲುಗಳೂ ನೆಲಸಮವಾದವು. ಅಲ್ಲಿ ಈಗ ಗ್ರಂಥಾಲಯವಿದೆ. ಜನಸಾಗರವನ್ನು ತಂದ ಆಟ ಹೀಗೆ ಅಲ್ಲಿ ಉಳಿಯಲಿಲ್ಲ. ಆ ಸಾಗರವಿಲ್ಲದ ಸಣ್ಣ ಊರುಗಳಲ್ಲಿಯೂ ಸ್ಟ್ಯಾಗ್ ಕಲಿಸುವುದನ್ನು ನಿಲ್ಲಿಸಲಿಲ್ಲ. ಹಾರ್ಪರ್ ಕೊಟ್ಟ ಪದವಿಗೆ ಆತನು ಅರ್ಹನಾಗಿದ್ದುದು ಆ ಪದವಿ ಹೋದ ಮೇಲೆಯೇ ಚೆನ್ನಾಗಿ ಗೊತ್ತಾಯಿತು.