ಇನ್ಸುಲಿನ್ ಕೊಟ್ಟ ಬ್ಯಾಂಟಿಂಗ್

ನವೆಂಬರ್ 14 ಎಂದೊಡನೆ ನಮ್ಮ ನಾಡಿನಲ್ಲಿ ಪಂಡಿತ ನೆಹರೂ ಅವರ ಜನ್ಮದಿನವೂ ಮಕ್ಕಳ ದಿನಾಚರಣೆಯೂ ನೆನಪಿಗೆ ಬರುತ್ತವೆ. ಅದೇ ದಿನ, 1891ರಲ್ಲಿ, ಕೆನಡಾ ದೇಶದ ಅಲಿಸ್ಟನ್ ಎಂಬ ಊರಿನ ಬಳಿ ಒಬ್ಬ ರೈತನ ಐದನೆಯ ಮಗುವಾಗಿ ಫ್ರೆಡರಿಕ್ ಬ್ಯಾಂಟಿಂಗ್ ಜನಿಸಿದನು. ಆ ದಿನವನ್ನು ಈಗ ವಿಶ್ವ ಮಧುಮೇಹ ದಿನವೆಂದು ಆಚರಿಸುತ್ತಿರುವುದು ಈತನ ನೆನಪಿಗಾಗಿಯೇ.

ಓದಿನಲ್ಲಿ ಆತನು ಅಂಥ ಜಾಣನೇನೂ ಆಗಿರಲಿಲ್ಲ. ಟೊರಾಂಟೋದಲ್ಲಿ ಕಲಾ ವಿಭಾಗಕ್ಕೆ ಸೇರಿ ಮೊದಲ ವರ್ಷವೇ ನಪಾಸಾದನು. (ಕಲಾ ಕಾಲೇಜಿನವರಾದ ನಮಗೆ ಇದೊಂದು ಸಮಾಧಾನ!) ಅನಂತರ ವೈದ್ಯಶಾಸ್ತ್ರ ಓದಿ 1916ರಲ್ಲಿ ಪದವಿ ಪಡೆದು, ಮಹಾಯುದ್ಧಕ್ಕೆ ಹೋಗಿ ತೋಳಿಗೆ ಗಾಯ ಮಾಡಿಕೊಂಡು ಹಿಂದಿರುಗಿದನು. 1920ರಲ್ಲಿ ಕೆನಡಾದಲ್ಲಿಯೇ ಇರುವ ಲಂಡನ್ ಎಂಬ ಪಟ್ಟಣದಲ್ಲಿ ದವಾಖಾನೆ ತೆರೆದನು. ವಾರಗಟ್ಟಲೆ ಒಬ್ಬ ರೋಗಿಯೂ ಬರಲಿಲ್ಲ. ಮೊದಲ ತಿಂಗಳ ಸಂಪಾದನೆ ನಾಲ್ಕೇ ಡಾಲರು. ಹೊಟ್ಟೆಪಾಡಿಗಾಗಿ ಪಾಠ ಹೇಳಲು ಒಪ್ಪಿಕೊಂಡು, ಆ ವರ್ಷದ ಅಕ್ಟೋಬರಿನ ಕೊನೆಯಲ್ಲಿ ಮೇದೋಜೀರಕ ಗ್ರಂಥಿಯ ವಿಷಯ ಓದುತ್ತಿದ್ದ ರಾತ್ರಿ ಆತನಿಗೆ ಹೊಸ ಯೋಚನೆಯೊಂದು ಹೊಳೆಯಿತು.

ಆ ಕಾಲದಲ್ಲಿ ಎಳೆಯರಿಗೆ ಈ ರೋಗ ಬಂದರೆ ಬದುಕುವ ಆಸೆಯೇ ಇರಲಿಲ್ಲ. ಗ್ರಂಥಿಯು ಇನ್ಸುಲಿನ್ ಸ್ರವಿಸುವುದನ್ನು ನಿಲ್ಲಿಸಿದೊಡನೆ ಉಂಡ ಅನ್ನ ಮೈಗೆ ಹತ್ತದು. ಸಕ್ಕರೆ ಮೂತ್ರದಲ್ಲಿ ಹರಿದುಹೋಗುತ್ತದೆ. ವೈದ್ಯರಿಗೆ ತಿಳಿದಿದ್ದ ಚಿಕಿತ್ಸೆ ಒಂದೇ: ಉಪವಾಸ. ಅದರಿಂದ ಸಾವು ಸ್ವಲ್ಪ ಕಾಲ ಮುಂದಕ್ಕೆ ಹೋಗುತ್ತಿತ್ತು, ಅಷ್ಟೆ.

1921ರ ಬೇಸಗೆಯಲ್ಲಿ ಟೊರಾಂಟೋದ ಪ್ರಾಧ್ಯಾಪಕ ಮೆಕ್ಲಿಯಡ್ ಒಂದು ಪ್ರಯೋಗಶಾಲೆ, ಕೆಲವು ನಾಯಿಗಳು, ಚಾರ್ಲ್ಸ್ ಬೆಸ್ಟ್ ಎಂಬ ವಿದ್ಯಾರ್ಥಿ, ಇಷ್ಟನ್ನು ಬ್ಯಾಂಟಿಂಗನಿಗೆ ಒದಗಿಸಿದನು. 1922ರ ಜನವರಿ 11ರಂದು ಲಿಯೊನಾರ್ಡ್ ಥಾಂಪ್ಸನ್ ಎಂಬ 14 ವರ್ಷದ ಬಡ ಹುಡುಗನಿಗೆ ಮೊದಲ ಸೂಜಿ ಹಾಕಿದರು. ಫಲಿಸಲಿಲ್ಲ. ಕಾಲಿಪ್ ಎಂಬ ರಸಾಯನಜ್ಞನು ಔಷಧವನ್ನು ಶುದ್ಧಿಮಾಡಿಕೊಟ್ಟ ಮೇಲೆ, 23ರಂದು ಮತ್ತೆ ಕೊಟ್ಟಾಗ ಹುಡುಗ ಚೇತರಿಸಿಕೊಂಡನು. ಮುಂದೆ 13 ವರ್ಷ ಬದುಕಿದನು.

ಅದೇ ಆಗಸ್ಟಿನಲ್ಲಿ ಅಮೆರಿಕದ ಮಂತ್ರಿಯೊಬ್ಬರ ಮಗಳು ಎಲಿಜಬೆತ್ ಹ್ಯೂಸ್ ಬಂದಳು. ಹದಿನೈದು ತುಂಬಲು ಮೂರೇ ದಿನ. ತೂಕ 45 ಪೌಂಡು, ಎಂದರೆ ಸುಮಾರು 20 ಕಿಲೋ. ಮೂರು ವರ್ಷದ ಉಪವಾಸದಿಂದ ಮೂಳೆ ಚರ್ಮವಾಗಿದ್ದ ಆಕೆಗೆ ಬ್ಯಾಂಟಿಂಗನು ಸೂಜಿಯ ಜೊತೆಗೆ ಹೊಟ್ಟೆತುಂಬ ಊಟವನ್ನೂ ಬರೆದುಕೊಟ್ಟನು. ಸೂಜಿಯನ್ನು ತಾನೇ ಹಾಕಿಕೊಳ್ಳಲು ಕಲಿತ ಆಕೆ ನವೆಂಬರ್ ಕೊನೆಗೆ ಮನೆಗೆ ಮರಳಿದಳು. ಆದರೆ ಈ ರೋಗವನ್ನು ಜೀವಮಾನವಿಡೀ ಹೊರಗಿನವರಿಂದ ಮುಚ್ಚಿಟ್ಟಳು.

ಏಕೆ ಮುಚ್ಚಿಟ್ಟಳೆಂದು ನನಗೇನೂ ಆಶ್ಚರ್ಯವಿಲ್ಲ. ದಾವಣಗೆರೆಯ ನಿಜಲಿಂಗಪ್ಪ ಬಡಾವಣೆಯಲ್ಲಿರುವ ನಮ್ಮ ಚಿಕ್ಕಪ್ಪನ ಮಗಳು ಒಂಬತ್ತನೆಯ ತರಗತಿ. ದಿನಕ್ಕೆ ನಾಲ್ಕು ಸಲ ಇನ್ಸುಲಿನ್ ಚುಚ್ಚಿಕೊಳ್ಳುತ್ತಾಳೆ. ತಟ್ಟೆಗೆ ರೊಟ್ಟಿ ಬೀಳುವ ಮುನ್ನ ಬೆರಳಿನ ರಕ್ತ ಪರೀಕ್ಷಿಸಿ, ಎಷ್ಟು ಯೂನಿಟ್ಟೆಂದು ಅವಳ ಜೊತೆ ಲೆಕ್ಕ ಹಾಕುವವರು ಮೂರನೆಯ ಕ್ಲಾಸು ಓದಿದ ಚಿಕ್ಕಮ್ಮ. ಔಷಧ ಹೆಚ್ಚಾಗಿ ಊಟ ಕಡಿಮೆಯಾದರೆ ಮೈ ಬೆವರಿ, ಕೈ ನಡುಗಿ, ಮಾತು ತೊದಲುತ್ತದೆ; ಎಚ್ಚರವಿರುವಾಗಲೇ ಸಕ್ಕರೆ ತಿನ್ನಿಸಬೇಕು. ನೆಂಟರಿಗೋ ಬೇರೆ ಚಿಂತೆ: ಹೆಣ್ಣು ಹುಡುಗಿ, ನಾಳೆ ಮದುವೆಗೆ ತೊಡಕಾದೀತು, ಹೊರಗೆ ಬಾಯಿ ಬಿಡಬೇಡಿ ಎನ್ನುತ್ತಾರೆ. ಪಕ್ಕದಲ್ಲಿ ಕೂತವಳಿಗೇ ತಿಳಿಯದಿದ್ದರೆ ಸಕ್ಕರೆ ಕೊಡುವವರು ಯಾರು? ಚಿಕ್ಕಮ್ಮ ಆ ಮಾತಿಗೆ ಕಿವಿಗೊಡದೆ, ಅವಳ ಇಬ್ಬರು ಗೆಳತಿಯರ ಚೀಲದಲ್ಲಿ ಸಕ್ಕರೆಯ ಪೊಟ್ಟಣ ಇಟ್ಟಿದ್ದಾರೆ. ಇನ್ಸುಲಿನ್ನು ರೋಗವನ್ನು ಗುಣಪಡಿಸುವುದಿಲ್ಲ. ಪ್ರತಿದಿನದ ಬದುಕನ್ನು ಕೊಡುತ್ತದೆ. ಅದನ್ನು ಕಾಯಲು ಹತ್ತಿರದಲ್ಲಿ ಜನರಿರಬೇಕು.

ಬ್ಯಾಂಟಿಂಗನು ಮುಂಗೋಪಿ, ಮೆಕ್ಲಿಯಡ್ಡನೊಡನೆ ಆತನಿಗೆ ಸದಾ ಜಗಳ. 1923ರ ನೊಬೆಲ್ ಬಹುಮಾನವನ್ನು ಅವರಿಬ್ಬರಿಗೇ ಕೊಟ್ಟಾಗ, ಬೆಸ್ಟನನ್ನು ಬಿಟ್ಟರೆಂದು ಸಿಟ್ಟಾಗಿ ತನ್ನ ಪಾಲಿನ ಹಣದಲ್ಲಿ ಅರ್ಧ ಅವನಿಗೆ ಕೊಟ್ಟನು; ಮೆಕ್ಲಿಯಡ್ಡನೂ ಕಾಲಿಪನಿಗೆ ಹಾಗೆಯೇ ಮಾಡಿದನು. ಇನ್ಸುಲಿನ್ನಿನ ಹಕ್ಕನ್ನು ಬ್ಯಾಂಟಿಂಗ್, ಬೆಸ್ಟ್, ಕಾಲಿಪ್ ಮೂವರೂ ತಲಾ ಒಂದು ಡಾಲರಿಗೆ ವಿಶ್ವವಿದ್ಯಾಲಯಕ್ಕೆ ಬಿಟ್ಟುಕೊಟ್ಟರು. ತಿಂಗಳ ಔಷಧದ ಚೀಟಿ ಹಿಡಿದು ಅಂಗಡಿಯ ಮುಂದೆ ನಿಂತಾಗಲೆಲ್ಲ ಚಿಕ್ಕಪ್ಪನಿಗೆ ಈ ಕಥೆಯನ್ನು ಹೇಳಬೇಕೆನಿಸುತ್ತದೆ.

1941ರ ಫೆಬ್ರವರಿಯಲ್ಲಿ, ಯುದ್ಧದ ಕೆಲಸದ ಮೇಲೆ ಇಂಗ್ಲೆಂಡಿಗೆ ಹೊರಟ ವಿಮಾನ ನ್ಯೂಫೌಂಡ್‌ಲೆಂಡಿನಲ್ಲಿ ಬಿದ್ದು ಬ್ಯಾಂಟಿಂಗನು ತೀರಿಕೊಂಡನು. ಆತನಿಗೆ 49 ವರ್ಷ. ಎಲಿಜಬೆತ್ ಆಗ 33ರ ಗೃಹಿಣಿ. ಮೂವರು ಮಕ್ಕಳನ್ನು ಬೆಳೆಸಿ, ಇನ್ನೂ 40 ವರ್ಷ ಬಾಳಿ, 1981ರಲ್ಲಿ ಆಕೆ ಕಣ್ಮುಚ್ಚಿದಳು.